ಕೇಳದೆ ಉಳಿದ ಮಾತು

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೊರಟವರಿಗೆ ಉಡುತಡಿ ದೂರದ ಊರಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಇದೇ ಸೀಮೆಯದು. 12ನೆಯ ಶತಮಾನದಲ್ಲಿ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿ ಅರಮನೆಯನ್ನು ತೊರೆದು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದ ಕತೆಯನ್ನು ಅರಿಯದ ಕನ್ನಡಿಗರುಂಟೆ? ದವನದ ಹುಣ್ಣಿಮೆ ಬಂತೆಂದರೆ ಅಕ್ಕನ ಬಳಗದ ಹೆಂಗಸರು ಆಕೆಯ ಜಯಂತಿಯನ್ನು ಆಚರಿಸಿ ವಚನಗಳನ್ನು ಹಾಡುತ್ತಾರೆ. ಹಾಡುವವರಲ್ಲಿ ಹೆಚ್ಚಿನವರು ನಡುವಯಸ್ಸಿನವರು. ಮಕ್ಕಳು ಕೆಲಸ ಹಿಡಿದು ಬೆಂಗಳೂರು ಸೇರಿದ ಮೇಲೆ ತಾನೆ ಗೃಹಿಣಿಗೆ ಮಧ್ಯಾಹ್ನವೆಂಬುದೊಂದು ಒದಗುವುದು!

ಇಂಥವರಲ್ಲಿ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಹೆಸರು ಏನಾದರೂ ಇರಲಿ. ಐವತ್ತು ದಾಟಿದ ವಯಸ್ಸು. ಪಿ.ಯು.ಸಿ. ಓದುವಾಗ ಸಹಪಾಠಿಯೊಬ್ಬ ಗ್ರಂಥಾಲಯದಿಂದ ತಂದ ತ್ರಿವೇಣಿಯವರ ಕಾದಂಬರಿಗಳನ್ನು ತಾನು ಓದಿ ಆಕೆಗೆ ಕೊಡುತ್ತಿದ್ದ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಒಂದು ಗೆರೆ. ಅವರ ಪ್ರೇಮವೆಂದರೆ ಅಷ್ಟೇ. ಮಾತಿಗೆ ಬಂದುದಲ್ಲ, ಪತ್ರಕ್ಕೆ ಇಳಿದುದಲ್ಲ. ಜಾತಿ ಬೇರೆ. 1978ರ ತಿದ್ದುಪಡಿ ವಿಧಿಸಿದ ಹದಿನೆಂಟು ವರ್ಷ ತುಂಬುವವರೆಗೆ ಮನೆಯವರು ಕಾದರು. ತುಂಬಿದ ಮರುವರುಷವೇ ಮದುವೆ ಮಾಡಿದರು. ವಯಸ್ಸನ್ನು ಅಷ್ಟು ಜಾಗರೂಕತೆಯಿಂದ ಎಣಿಸಿದವರಿಗೆ ಹುಡುಗಿಯ ಅಭಿಪ್ರಾಯವನ್ನು ಕೇಳುವುದು ಮಾತ್ರ ಹೊಳೆಯಲಿಲ್ಲ.

ಗಂಡ ಕೆಟ್ಟವನಲ್ಲ. ಮುಂಗಾರಿನ ಚಿಂತೆ, ಭತ್ತದ ಗದ್ದೆ, ಸೊಸೈಟಿಯ ಸಾಲ, ಇವುಗಳ ನಡುವೆ ಹೆಂಡತಿಯನ್ನು ಒಮ್ಮೆಯೂ ಗದರಿದವನಲ್ಲ. ಆದುದರಿಂದಲೇ ಆಕೆಯ ವ್ಯಥೆಗೆ ದೂರಲು ಯಾರೂ ಇಲ್ಲ.

ಬಳಗದಲ್ಲಿ ಆಕೆಯ ಪಾಲಿಗೆ ಬಂದುದು ವಿರಹದ ವಚನ. ಗಿಳಿ, ಕೋಗಿಲೆ, ದುಂಬಿಗಳನ್ನೆಲ್ಲ ನಿಲ್ಲಿಸಿ ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಬೇಡುವ ಆ ಹೆಣ್ಣಿನ ಮಾತು ಬಾಯಿಗೆ ಬಂದಾಗ ಸ್ವರ ನಡುಗಿತು. ಪಕ್ಕದವರು ಭಕ್ತಿಯೆಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಭಕ್ತಿಯೇ ಇದ್ದೀತು. ಮೂವತ್ತು ವರ್ಷ ಮುಚ್ಚಿಟ್ಟ ಪೆನ್ಸಿಲಿನ ಗೆರೆಯೂ ಇದ್ದೀತು. ಎರಡನ್ನೂ ಬೇರ್ಪಡಿಸಿ ತೂಗಲು ಯಾವ ಪಂಡಿತನಿಗೆ ಸಾಧ್ಯ?

ವಿಚಿತ್ರವೆಂದರೆ, ಆತನನ್ನೇ ಆಕೆ ಹಿಂದಿನ ವರ್ಷ ಶಿರಾಳಕೊಪ್ಪದ ಸಂತೆಯಲ್ಲಿ ಕಂಡಿದ್ದಳು. ತಲೆ ಬೋಳಾಗಿತ್ತು, ಕೈಚೀಲದಲ್ಲಿ ಬದನೆಕಾಯಿ. ಆತ ಗುರುತಿಸಲಿಲ್ಲ. ಎದೆ ಹೊಡೆದುಕೊಳ್ಳಲೂ ಇಲ್ಲ. ಏನೂ ಆಗಲಿಲ್ಲವಲ್ಲ ಎಂಬುದೇ ಆಕೆಯನ್ನು ಹೆದರಿಸಿತು. ಹಾಗಾದರೆ ಇಷ್ಟು ದಿನ ಹಂಬಲಿಸಿದ್ದು ಯಾರಿಗಾಗಿ?

ಮಹಾದೇವಿ ಕೌಶಿಕನನ್ನು ವರಿಸಿದಳೆಂದು ಹರಿಹರ ಹೇಳುತ್ತಾನೆ, ಇಲ್ಲವೆನ್ನುತ್ತಾನೆ ಚಾಮರಸ. ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಈಕೆಗೆ ಆ ವಾದ ಬೇಕಿಲ್ಲ. ಹರಿಹರನ ರಗಳೆಯಲ್ಲಿ ಆ ಹುಡುಗಿ ತಂದೆತಾಯಿಗಳಿಗೆ ಒದಗಿದ ಸಂಕಟಕ್ಕಾಗಿ ಒಪ್ಪಿದರೂ ಷರತ್ತುಗಳನ್ನು ಹಾಕಿ ಒಪ್ಪಿದಳು. ಅವು ಮೂರು ಬಾರಿ ಮುರಿದಾಗ ಎದ್ದು ನಡೆದಳು. ಬಲವಂತದಲ್ಲಿಯೂ ಬಾಯಿ ಅವಳದಾಗಿತ್ತು! ಇಪ್ಪತ್ತರ ಒಳಗಿನ ತನಗೆ ಹೇಳಲು ಒಂದು ಷರತ್ತಾದರೂ ಇತ್ತೇ? ಆಕೆ ನೆನಪಿಸಿಕೊಳ್ಳುತ್ತಾಳೆ. ಇತ್ತು: ಬಿ.ಎ. ಓದಬೇಕೆಂದಿತ್ತು. ಅದನ್ನು ಆ ಹುಡುಗನಿಗೂ ಹೇಳಿರಲಿಲ್ಲ.

ಸಂಜೆ ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕುಳಿತಿದ್ದ. “ಇವತ್ತು ಯಾವ ವಚನ ಹೇಳಿದ್ರಿ?” ಎಂದ, ಪತ್ರಿಕೆಯಿಂದ ಕಣ್ಣೆತ್ತದೆ. ಆಕೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಮತ್ತೆ ಹೊರಗೆ ಬಂದು, ಕಂಬಕ್ಕೊರಗಿ ನಿಂತು, ಹಾಡದೆ ಬರಿಯ ಮಾತಿನಲ್ಲಿ ವಚನವನ್ನು ಪೂರ್ತಿ ಹೇಳಿದಳು. ಆತ ಪತ್ರಿಕೆಯನ್ನು ಮಡಿಸಿಟ್ಟ. ಒಳಗೆ ನೀರು ಕುದಿಯುತ್ತಿತ್ತು.