ಹೊಸ ರಾಷ್ಟ್ರ, ಹಳೆಯ ನೆರೆಹೊರೆ

ರಾಷ್ಟ್ರವೊಂದನ್ನು ಸ್ಥಾಪಿಸುವುದು ಈಗ ಐದು ನಿಮಿಷದ ಕೆಲಸ. ಒಂದು ಹೆಸರು, ಒಂದು ಧ್ವಜ, ಒಂದು ಧ್ಯೇಯವಾಕ್ಯ, ನಾಣ್ಯಕ್ಕೊಂದು ನಾಮಕರಣ: ಇಷ್ಟಾದರೆ ಲೋಟದ ಕಾಫಿ ಆರುವುದರೊಳಗಾಗಿ ಗುಮಾಸ್ತನೋ ಕಾಲೇಜು ಹುಡುಗಿಯೋ ರಾಷ್ಟ್ರಾಧಿಪತಿಯ ಪಟ್ಟವನ್ನೇರಬಹುದು. ಆಸ್ಟ್ರೇಲಿಯದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ಕಾದಂಬರಿಯೊಂದರ ಪ್ರಚಾರಕ್ಕೆಂದು 2002ರಲ್ಲಿ ಅಂತರಜಾಲದಲ್ಲಿ ಆರಂಭಿಸಿದ 'ನೇಷನ್‌ಸ್ಟೇಟ್ಸ್' ಎಂಬ ಆಟದ ಮಹಿಮೆ ಇದು. ತೆರಿಗೆ, ಶಾಲೆ, ಸೆರೆಮನೆ ಮೊದಲಾದವುಗಳ ಸಮಸ್ಯೆಗಳು ದಿನವೂ ಅಧಿಪತಿಯ ಮುಂದೆ ಬರುತ್ತವೆ. ಅವನು ಕೊಟ್ಟ ತೀರ್ಪಿನಂತೆ ಅವನ ಕಲ್ಪನೆಯ ಪ್ರಜೆಗಳು ಸುಖಿಗಳೋ ದುಃಖಿಗಳೋ ಆಗುತ್ತಾರೆ.

ಇಲ್ಲಿಯವರೆಗೆ ಕಷ್ಟವೇನೂ ಇಲ್ಲ. ಕಷ್ಟ ಆರಂಭವಾಗುವುದು ನೆರೆಹೊರೆಯಿಂದ. ಪ್ರತಿಯೊಂದು ರಾಷ್ಟ್ರವೂ ಯಾವುದಾದರೂ ಒಂದು 'ಪ್ರದೇಶ'ಕ್ಕೆ ಸೇರಿರಲೇಬೇಕು. ಪ್ರದೇಶವೆಂದರೆ ಅಲ್ಲಿ ಮಣ್ಣಲ್ಲ, ಮನುಷ್ಯರು. ಬೇರೆ ಬೇರೆ ದೇಶಗಳಲ್ಲಿ ಕುಳಿತು ಆಡುತ್ತಿರುವ ನಿಜವಾದ ಮನುಷ್ಯರು. ಕೆಲವು ಪ್ರದೇಶಗಳಿಗೆ ಇಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ಸಂವಿಧಾನ, ಮಂತ್ರಿಮಂಡಲ, ಹಳೆಯ ವೈರ, ಹಳೆಯ ವಿನೋದ ಎಲ್ಲವೂ ಉಂಟು. ಅಲ್ಲಿ ಕಾಲಿಡುವ ಹೊಸಬನ ಪಾಡು ತುಂಬಿದ ಮನೆಗೆ ಬಂದ ಸೊಸೆಯ ಪಾಡೇ ಸರಿ.

ಮೊದಲ ಪರೀಕ್ಷೆ ತಂತಿಗಳದು. ಆಟದೊಳಗಿನ ಪತ್ರಗಳಿಗೆ ತಂತಿಯೆಂದೇ ಹೆಸರು. ರಾಷ್ಟ್ರ ಹುಟ್ಟಿದ ಕೂಡಲೇ ಅವುಗಳ ಮಳೆ ಸುರಿಯುತ್ತದೆ. "ನಮ್ಮಲ್ಲಿಗೆ ಬನ್ನಿ, ಪದವಿ ಸಿದ್ಧವಾಗಿದೆ" ಎಂದು ಎಲ್ಲರೂ ಕರೆಯುವವರೇ. ಮೊದಲು ಕರೆದವರ ಬಾಗಿಲಿಗೆ ಓಡುವವನು ಮನೆಯನ್ನು ನೋಡದೆ ಮುಂಗಡ ಕೊಟ್ಟ ಬಾಡಿಗೆದಾರನಂತೆ. ಪ್ರತಿ ಪ್ರದೇಶಕ್ಕೂ ಒಂದು ಸಂದೇಶ ಫಲಕವಿರುತ್ತದೆ. ಅದನ್ನು ನಾಲ್ಕು ದಿನ ಓದುವುದು ಲೇಸು. ಹೊಸಬರ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತಾರೆಯೇ? ಭಿನ್ನಾಭಿಪ್ರಾಯ ಬಂದಾಗ ಮಾತು ಯಾವ ಮಟ್ಟಕ್ಕೆ ಇಳಿಯುತ್ತದೆ? ಒಂದು ಮನೆತನದ ಗುಣ ತಿಳಿಯುವುದು ಔತಣದ ದಿನವಲ್ಲ, ಜಗಳದ ದಿನ.

ಸೇರಿದ ಮೇಲೆ ಎರಡನೆಯ ಪರೀಕ್ಷೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಹೊಸ ಅಧಿಪತಿಯೂ ಮೊದಲ ವಾರದಲ್ಲಿಯೇ ಸಂವಿಧಾನದ ತಿದ್ದುಪಡಿಯನ್ನು ಮಂಡಿಸುತ್ತಾನೆ. ಅವನ ಸಲಹೆ ಉತ್ತಮವಾಗಿಯೇ ಇರಬಹುದು. ಆದರೆ ಅದೇ ಸಲಹೆಯನ್ನು ಹಿಂದೆಯೇ ಚರ್ಚಿಸಿ, ಅನುಭವಿಸಿ, ಕೈಬಿಟ್ಟವರು ಎದುರಿಗೆ ಕುಳಿತಿರುತ್ತಾರೆ. "ಹೀಗೇಕೆ ಮಾಡುವುದಿಲ್ಲ?" ಎನ್ನುವ ಬದಲು "ಇದು ಹೀಗೇಕೆ ಇದೆ?" ಎಂದು ಕೇಳಿದರೆ ಮಾತು ಎರಡೇ ಅಕ್ಷರ ಬದಲಾದಂತೆ ಕಂಡರೂ ಫಲ ಬೇರೆ. ಮೊದಲನೆಯದು ಆಕ್ಷೇಪಣೆ, ಎರಡನೆಯದು ಗೌರವ.

ಮೂರನೆಯದು ಅನುಮೋದನೆಯ ವಿಚಾರ; ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಆಟದಲ್ಲಿ ಒಂದು ವಿಶ್ವಸಭೆಯುಂಟು. ಮೊದಲು ಅದಕ್ಕೆ ವಿಶ್ವಸಂಸ್ಥೆಯೆಂದೇ ಹೆಸರಿತ್ತು. ನಿಜವಾದ ವಿಶ್ವಸಂಸ್ಥೆ ಆಕ್ಷೇಪಿಸಿದ್ದರಿಂದ 2008ರಲ್ಲಿ ಹೆಸರು ಬದಲಾಯಿತು. ಎಷ್ಟು ರಾಷ್ಟ್ರಗಳನ್ನು ಕಟ್ಟಿದರೂ ಒಬ್ಬ ಆಟಗಾರನಿಗೆ ಈ ಸಭೆಯಲ್ಲಿ ಒಂದೇ ಸದಸ್ಯತ್ವ. ಒಂದೇ ಪ್ರದೇಶದ ಸದಸ್ಯರು ಪರಸ್ಪರ ಅನುಮೋದಿಸಬಹುದು. ಅತಿ ಹೆಚ್ಚು ಅನುಮೋದನೆ ಪಡೆದವನೇ ಪ್ರದೇಶದ ಪ್ರತಿನಿಧಿ. ಅನೇಕ ಕಡೆ ನಿವಾಸಿಗಳನ್ನು ಹೊರಹಾಕುವ ಅಧಿಕಾರವೂ ಅವನದೇ. ಆದಕಾರಣ ಹೊಸಬನು ಮೊದಲು ಪ್ರತಿನಿಧಿಯನ್ನು ಅನುಮೋದಿಸುವುದು ಮರ್ಯಾದೆ. ತನಗಾಗಿ ಮಿತಿಮೀರಿ ಅನುಮೋದನೆ ಕೂಡಿಸತೊಡಗಿದರೆ, ಅವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ, ಹಿರಿಯರ ಹುಬ್ಬು ಮೇಲೇರುತ್ತದೆ.

ಈ ಸಂಶಯವನ್ನು ಕಂಡು ಹೊಸಬರು ನೊಂದುಕೊಳ್ಳುವುದುಂಟು. ಆದರೆ ಅದಕ್ಕೆ ಕಾರಣವಿದೆ. ಈ ಆಟದಲ್ಲಿ ದಾಳಿಕೋರರೆಂಬ ಪಂಗಡಗಳುಂಟು. ಅವರು ಸೈನ್ಯದಂತೆ ಬರುವುದಿಲ್ಲ, ಹೊಸಬರಂತೆ ಬರುತ್ತಾರೆ. ದಿನಕ್ಕೆರಡು ಬಾರಿ ಆಟದ ಲೆಕ್ಕಾಚಾರ ನಡೆಯುವ ವೇಳೆಗೆ ತಮ್ಮವನೊಬ್ಬನನ್ನು ಅನುಮೋದಿಸಿ ಪ್ರತಿನಿಧಿಯಾಗಿಸುತ್ತಾರೆ, ಮೂಲನಿವಾಸಿಗಳನ್ನು ಹೊರಗಟ್ಟುತ್ತಾರೆ. 2003ರಲ್ಲಿ 'ದಿ ಪೆಸಿಫಿಕ್' ಎಂಬ ದೊಡ್ಡ ಪ್ರದೇಶವೇ 'ಫ್ರಾಂಕೋಸ್ ಸ್ಪೇನ್' ಎಂಬ ರಾಷ್ಟ್ರದ ವಶವಾಗಿ, 'ನ್ಯೂ ಪೆಸಿಫಿಕ್ ಆರ್ಡರ್' ಎಂಬ ಹೊಸ ಆಳ್ವಿಕೆ ಹುಟ್ಟಿತು. ಅದೇ ಹೆಸರಿನ ಕೂಟ 2006ರಲ್ಲಿ 'ಸೈಬರ್ ನೇಷನ್ಸ್' ಎಂಬ ಮತ್ತೊಂದು ಆಟದಲ್ಲಿಯೂ ಬೇರೂರಿತು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ್ದು ಹಾಲಿನ ದೋಷದಿಂದಲ್ಲ, ಹಿಂದೊಮ್ಮೆ ಸುಟ್ಟ ನಾಲಿಗೆಯಿಂದ. ಹಳಬರ ಸಂಶಯವೂ ಅಂಥದೇ. ವರ್ಷಗಟ್ಟಲೆ ಒಟ್ಟಿಗೆ ಹರಟಿದ ಒಂದು ಬಳಗ ಒಂದು ರಾತ್ರಿಯಲ್ಲಿ ಚದುರಿಹೋದರೆ, ಪ್ರದೇಶ ಕಲ್ಪಿತವಾಗಿದ್ದರೂ ದುಃಖ ಕಲ್ಪಿತವಲ್ಲ.

ಹಾಗಾದರೆ ವಿಶ್ವಾಸ ಗಳಿಸುವ ಬಗೆ ಯಾವುದು? ದೊಡ್ಡ ಭಾಷಣಗಳಿಂದಲ್ಲ, ಸಣ್ಣ ಕೆಲಸಗಳಿಂದ. ಹೊಸದಾಗಿ ಬಂದ ಮತ್ತೊಬ್ಬನಿಗೆ ಸ್ವಾಗತದ ತಂತಿ ಬರೆಯುವುದು, ವಿಶ್ವಸಭೆಯ ಠರಾವನ್ನು ಓದಿ ತನ್ನ ಅಭಿಪ್ರಾಯವನ್ನು ಎರಡು ಸಾಲಿನಲ್ಲಿ ತಿಳಿಸುವುದು, ಒಪ್ಪಿಕೊಂಡದ್ದನ್ನು ಹೇಳಿದ ದಿನಕ್ಕೆ ಮುಗಿಸುವುದು, ಇವೇ ಸಾಕು. ಒಪ್ಪಿಕೊಳ್ಳುವಾಗ ಸ್ವಲ್ಪವೇ ಒಪ್ಪಿಕೊಳ್ಳಬೇಕು. ಮೂರು ಖಾತೆಗಳನ್ನು ಹೊತ್ತು ಮೂರನೆಯ ವಾರದಲ್ಲಿ ಕಣ್ಮರೆಯಾದ ಮಂತ್ರಿಗಿಂತ, ಒಂದೇ ಕೆಲಸವನ್ನು ವರ್ಷವಿಡೀ ಮಾಡಿದ ಗುಮಾಸ್ತನೇ ಪ್ರದೇಶಕ್ಕೆ ಆಧಾರ. ಪರೀಕ್ಷೆಯೋ ಪ್ರಯಾಣವೋ ಬಂದರೆ ತಿಳಿಸಿ ಹೋಗಬೇಕು. 28 ದಿನ ಇತ್ತ ತಲೆಹಾಕದಿದ್ದರೆ ರಾಷ್ಟ್ರವೇ ಅಳಿದುಹೋಗುತ್ತದೆ. ರಜೆಯೆಂದು ಗುರುತು ಹಾಕಿದರೆ 60 ದಿನಗಳ ಅವಕಾಶವುಂಟು. ಪ್ರದೇಶವೇ ಒಗ್ಗದಿದ್ದಲ್ಲಿ ಬಿಡುವುದೂ ತಪ್ಪಲ್ಲ. ಆದರೆ ಬಾಗಿಲು ಬಡಿದು ಹೋಗದೆ, ಹೇಳಿ ಹೋಗುವುದು ಮೇಲು. ಈ ಲೋಕ ಚಿಕ್ಕದು, ಅದರ ನೆನಪು ದೀರ್ಘ.

ಈ ಆಟದಲ್ಲಿ ರಾಷ್ಟ್ರದ ಜನಸಂಖ್ಯೆ ಅಧಿಪತಿ ನಿದ್ದೆಹೋದರೂ ತಾನಾಗಿಯೇ ಬೆಳೆದು ಕೋಟಿಗಳನ್ನು ಮುಟ್ಟುತ್ತದೆ. ನೆರೆಯವನೊಬ್ಬನ ವಿಶ್ವಾಸ ಮಾತ್ರ ಹಾಗೆ ಬೆಳೆಯುವುದಿಲ್ಲ. ಅದಕ್ಕೆ ದಿನವೂ ಒಂದು ಚೆಂಬು ನೀರೆರೆಯಬೇಕು.