ಆಮೆಗೆ ಬಂದ ಬೋರ್ಡು

ನಾವು ಮಾವಳ್ಳಿಯವರು. ಹಾಗೆಂದರೆ ಘಟ್ಟದ ಮೇಲಿನವರಿಗೆ ತಿಳಿಯುವುದಿಲ್ಲವಾದ್ದರಿಂದ ‘ಮುರ್ಡೇಶ್ವರ’ ಎಂದುಬಿಡುತ್ತೇವೆ. 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ಗೋಪುರ, ಅದಕ್ಕೊಂದು ಲಿಫ್ಟು. ಇಷ್ಟೆಲ್ಲದರ ನಡುವೆ ಮಾವಳ್ಳಿ ಎಂಬ ಹೆಸರು ಪಂಚಾಯ್ತಿ ರಸೀದಿಯಲ್ಲಿ ಹೇಗೋ ಜೀವ ಹಿಡಿದುಕೊಂಡಿದೆ. ಅದಕ್ಕೋ ಏನೋ, ಹೊನ್ನಾವರದ ಕಾಸರಕೋಡು ಟೊಂಕದವರು ತಮ್ಮ ಮರಳಿಗಾಗಿ ಹಟ ಹಿಡಿದು ಕೂತ ಸುದ್ದಿ ಓದಿದಾಗಲೆಲ್ಲ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಶರಾವತಿ ಕಡಲು ಸೇರುವ ಆ ದಂಡೆಯಲ್ಲಿ 2010ರಲ್ಲಿ ಖಾಸಗಿ ಬಂದರಿಗೆ ಜಾಗ ಗೊತ್ತಾಯಿತು. ಮೀನು ಒಣಗಿಸುವ ಹೆಂಗಸರು ರಸ್ತೆ ಮಾಡಲು ಬಂದ ಯಂತ್ರಗಳಿಗೆ ಅಡ್ಡ ನಿಂತರು, ಪೊಲೀಸರನ್ನೂ ಕಂಡರು. ಅಜ್ಜನ ಕಾಲದಿಂದ ಇದ್ದೇವೆ ಎಂದರೆ ಕಚೇರಿಯವರು ಕಾಗದ ಕೇಳುತ್ತಾರೆ. ಅಜ್ಜ ಬಲೆ ಬಿಟ್ಟುಹೋಗಿದ್ದ, ಕಾಗದವನ್ನಲ್ಲ.

ಆಗ ಅವರ ಪರ ಸಾಕ್ಷಿ ನುಡಿಯಲು ಬಂದದ್ದು ಆಲಿವ್ ರಿಡ್ಲೆ ಕಡಲಾಮೆ. ಚಳಿಗಾಲದ ರಾತ್ರಿ ಬಾಣಂತನಕ್ಕೆ ತವರಿಗೆ ಬಂದವಳಂತೆ ದಂಡೆ ಹತ್ತಿ, ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗಿಬಿಡುತ್ತದೆ. ಮುಂದಿನದೆಲ್ಲ ಊರವರ ಪಾಲು. ನಾಯಿ, ನರಿ ಓಡಿಸುವುದು, ಅರಣ್ಯ ಇಲಾಖೆಗೆ ಫೋನು ಮಾಡುವುದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇರುವ ಜೀವ. ಇಲಾಖೆಯವರು ಬಂದು ಗೂಡಿಗೆ ಬೇಲಿ ಕಟ್ಟಿ, ಬೋರ್ಡು ನೆಟ್ಟು, ತಾರೀಕು ಬರೆಯುತ್ತಾರೆ.

ಅಂಥದೊಂದು ಬೇಲಿಯ ಪಕ್ಕ ಒಣಮೀನು ಮಗುಚುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಇಲಾಖೆಯವನೆಂದೇ ತಿಳಿದರು. “ಆಮೆಗೆ ಒಂದೇ ದಿನದಲ್ಲಿ ಬೋರ್ಡು ಬಂತು ತಮಾ. ನನ್ನ ಮನೆಗೆ ಪಟ್ಟೆ ಯಾವಾಗ ಬತ್ತದೆ?” ದನಿಯಲ್ಲಿ ಆಮೆಯ ಮೇಲೆ ಸಿಟ್ಟಿರಲಿಲ್ಲ. ಬದಲಿಗೆ, ಕುಟುಂಬದಲ್ಲಿ ಒಬ್ಬರಾದರೂ ಸರ್ಕಾರಿ ಲೆಕ್ಕಕ್ಕೆ ಸೇರಿದರಲ್ಲ ಎಂಬ ಹೆಮ್ಮೆಯಿತ್ತು.

ಉತ್ತರ ತೋಚದೆ ನಾನು ಓದಿಕೊಂಡಿದ್ದನ್ನು ಒದರತೊಡಗಿದೆ. ಮರಳು ಬಿಸಿಯೇರಿದಷ್ಟೂ ಹೆಣ್ಣುಮರಿಗಳು ಹೆಚ್ಚು, ದೊಡ್ಡವಾದ ಮೇಲೆ ಮೊಟ್ಟೆಯಿಡಲು ಅವು ಹುಟ್ಟಿದ ಸೀಮೆಗೇ ಬರುತ್ತವೆ, ಗಂಡಾಮೆ ಮಾತ್ರ ಒಮ್ಮೆ ನೀರಿಗಿಳಿದರೆ ಮತ್ತೆ ದಡ ಹತ್ತುವುದು ತೀರ ಅಪರೂಪ ಎಂದೆ. ಅಜ್ಜಿ ಮೀನು ಮಗುಚುವುದನ್ನು ನಿಲ್ಲಿಸಿ ಕೇಳಿದರು. ಮೊಮ್ಮಕ್ಕಳಿಬ್ಬರೂ ಮಲ್ಪೆಯ ಬೋಟಿನಲ್ಲಿದ್ದಾರಂತೆ.

“ನಮ್ಮನೆ ಗಂಡುಗಳೇ ವಾಸಿ,” ಎಂದರು, “ಚೌತಿಗೆ ಫೋನಾದ್ರೂ ಮಾಡ್ತವೆ.”