ಹಳೆಯ ಕಾರಿನಲ್ಲಿ ಅಜ್ಜಿಯ ಹಾಡು

ಮಕ್ಕಳೇ, ಕಿತ್ತೂರಿನಿಂದ ರಾಮದುರ್ಗಕ್ಕೆ ಹೊರಟ ನಮ್ಮ ಹಳೆಯ ಕಾರಿನಲ್ಲಿ ಇರುವುದು ಕ್ಯಾಸೆಟ್ ಪ್ಲೇಯರ್ ಮಾತ್ರ. ತೀರಿಹೋದ ನನ್ನಾಕೆಯ ಸೋಬಾನೆ ಪದಗಳೋ ಮೊಮ್ಮಗಳ ಮೊಬೈಲಿನಲ್ಲಿ! ಎರಡನ್ನೂ ಬೆಸೆದದ್ದು ಕ್ಯಾಸೆಟ್ ಆಕಾರದ ಅಡಾಪ್ಟರ್. ಅದರ ತಂತಿಯನ್ನು ಮೊಬೈಲಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಿದರೆ, ಒಳಗಿನ ಪುಟ್ಟ ಸುರುಳಿ ಹಾಡಿನ ವಿದ್ಯುತ್ತನ್ನು ಕಾಂತಕ್ಷೇತ್ರವಾಗಿಸುತ್ತದೆ. ಪ್ಲೇಯರಿನ ಹೆಡ್ ಅದನ್ನೇ ಟೇಪೆಂದು ಓದುತ್ತದೆ.

1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಚೆನ್ನಮ್ಮನ ಕೋಟೆ ನೋಡಿ, ಬೈಲಹೊಂಗಲದಲ್ಲಿ ಆಕೆಯ ಸಮಾಧಿಗೆ ಕೈಮುಗಿದೆವು. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ ಇಳಿದ ಮೇಲೆ ಹಾಡು ಹಚ್ಚಿದೆವು. ಅಜ್ಜಿಯನ್ನು ಕಂಡೇ ಇರದ ಕಿರಿಯ ಮೊಮ್ಮಗ ಆಕೆಯ ದನಿಗೆ ದನಿಗೂಡಿಸಿದ. ರಾಮದುರ್ಗ ಬರುವಷ್ಟರಲ್ಲಿ ಒಂದು ಪದ ಅವನಿಗೆ ಬಾಯಿಪಾಠ!

ನಿಮ್ಮ ಅಜ್ಜಿಯ ಹಾಡನ್ನೂ ಇಂದೇ ಮೊಬೈಲಿನಲ್ಲಿ ತುಂಬಿಸಿಡಿ.